ಮನೆ ಸಣ್ಣದು, ಬೀದಿ ದೊಡ್ಡದು

ಮುಂಬಯಿಯಲ್ಲಿ ನಾಲ್ವರು ಕನ್ನಡಿಗರು ಸೇರಿದಲ್ಲಿ, ಅದು ಮದುವೆಯ ಚಪ್ಪರವಿರಲಿ, ಸಂಘದ ವಾರ್ಷಿಕೋತ್ಸವವಿರಲಿ, "ಊರು ಯಾವುದು?" ಎಂಬ ಪ್ರಶ್ನೆಯ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆ "ಮನೆ ಎಷ್ಟು ಚದರಡಿ?" ಎಂಬುದು. ನಾವು "480" ಎಂದಾಗ ಕೇಳಿದವರ ಮುಖದಲ್ಲಿ ಒಂದು ಬಗೆಯ ಮರುಕ ಮೂಡುವುದುಂಟು. "ಲಿಫ್ಟ್ ಇದೆಯೋ?" "ಇಲ್ಲ." "ಕಾರು ನಿಲ್ಲಿಸಲು ಜಾಗ?" "ಅದೂ ಇಲ್ಲ, ಕಾರೂ ಇಲ್ಲ." ಇಷ್ಟು ಹೇಳುವಷ್ಟರಲ್ಲಿ ಅವರ ಮರುಕ ಇನ್ನೊಂದು ಮಾಳಿಗೆ ಏರಿರುತ್ತದೆ.

ಹೀಗೆ ಮರುಗುವವರ ಮೇಲೆ ನಮಗೆ ಸಿಟ್ಟಿಲ್ಲ. ಒಂದು ಕಾಲಕ್ಕೆ ನಮಗೂ ನಮ್ಮ ಮೇಲೆ ಅದೇ ಮರುಕವಿತ್ತು. ನಾವು ಮನೆಯಲ್ಲಿ ನಾಲ್ಕು ಜನ: ನಾವಿಬ್ಬರು ದಂಪತಿ, ನಮ್ಮಲ್ಲಿ ಒಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ, ಆದರೆ ಇಬ್ಬರ ಬಾಯಲ್ಲೂ ಅಮ್ಮನೇ ಆಗಿರುವ ಹಿರಿಯರು, ಮತ್ತು ಓದು ಮುಗಿಸಿ ಕೆಲಸಕ್ಕೆ ಹೋಗುತ್ತಿರುವ ಮಗಳು. ಮಾಟುಂಗಾದ ಒಂದು ಹಳೆಯ ಮೂರಂತಸ್ತಿನ ಕಟ್ಟಡದಲ್ಲಿ, 38 ಮೆಟ್ಟಿಲು ಹತ್ತಿದ ಮೇಲೆ ಸಿಗುವ ಎರಡು ಕೋಣೆ, ಒಂದು ಅಡಿಗೆಮನೆ, ಒಂದಾಳು ಕುರ್ಚಿ ಹಾಕಿ ಕೂರಬಹುದಾದಷ್ಟು ಬಾಲ್ಕನಿ, ಇದು ನಮ್ಮ ಬಿಡಾರ. ಎಡಗೋಡೆಯ ಆಚೆ ಒಂದು ಗುಜರಾತಿ ಸಂಸಾರ, ಬಲಗೋಡೆಯ ಆಚೆ ಒಂದು ತಮಿಳು ಸಂಸಾರ. ಈ ಮನೆಯಲ್ಲಿ ಹೇಗೆ ಬಾಳಬೇಕೆಂಬುದನ್ನು ಕಲಿಯುವುದಕ್ಕೆ ನಾವು ಮೊದಲು ಇದನ್ನು ಬಿಟ್ಟು ಹೋಗಬೇಕಾಯಿತು.

ಈಗ ಮತ್ತೊಮ್ಮೆ ಬಿಡಬೇಕಾದೀತೋ ಏನೋ ಎಂಬ ಪ್ರಶ್ನೆ ನಮ್ಮ ಕಟ್ಟಡದ ಮುಂದಿದೆ. ಮುಂಬಯಿಯಲ್ಲಷ್ಟೇ ಅಲ್ಲ, ಪುಣೆ, ಚೆನ್ನೈ, ಹೈದರಾಬಾದುಗಳ ಹಳೆಯ ಬಡಾವಣೆಗಳಲ್ಲಿರುವ ಓದುಗ ಬಂಧುಗಳ ಮನೆಗಳಲ್ಲಿಯೂ ಇದೇ ಮಾತು ನಡೆದಿರಬಹುದು. ಆದುದರಿಂದ ನಮ್ಮ ಅನುಭವವನ್ನು ನಾಲ್ಕು ಜನರ ಮುಂದಿಡುವುದು ತಪ್ಪಾಗದೆಂದು ಭಾವಿಸಿದ್ದೇವೆ.

ಈ ಬೀದಿ ಹುಟ್ಟಿದ ಬಗೆ

ಮಾಟುಂಗಾದ ಬೀದಿಗಳು ತಾವಾಗಿ ಬೆಳೆದವಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳಲ್ಲಿ ಜನರು ಹುಳುಗಳಂತೆ ಸತ್ತರು. ಎರಡು ವರ್ಷಗಳ ಮೇಲೆ, 1898ರಲ್ಲಿ, ಸರಕಾರವು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಮಂಡಲಿಯನ್ನು ಸ್ಥಾಪಿಸಿತು. ನಗರದ ಉತ್ತರಕ್ಕೆ ದಾದರ್, ಮಾಟುಂಗಾ, ವಡಾಲಾ, ಸಾಯನ್ ಕಡೆಯಲ್ಲಿದ್ದ ಬಯಲನ್ನು ಟ್ರಸ್ಟ್ ಕೊಂಡುಕೊಂಡು, ಅಗಲವಾದ ರಸ್ತೆಗಳನ್ನು ಎಳೆದು, ಪಕ್ಕದಲ್ಲಿ ಮರ ನೆಟ್ಟು, ನಡುನಡುವೆ ತೋಟಗಳಿಗೆ ಜಾಗ ಬಿಟ್ಟು, ಉಳಿದುದನ್ನು ಕಟ್ಟಡಗಳಿಗೆಂದು ಹಂಚಿತು. ಕಟ್ಟಡ ತೀರ ಎತ್ತರಕ್ಕೆ ಹೋಗಬಾರದು, ಒಂದರ ಗಾಳಿಯನ್ನು ಇನ್ನೊಂದು ಕಸಿಯಬಾರದು ಎಂಬುದು ಅದರ ಕಟ್ಟಳೆಯಾಗಿತ್ತು. 1933ರಲ್ಲಿ ಆ ಟ್ರಸ್ಟ್ ನಗರಸಭೆಯಲ್ಲಿ ಸೇರಿಹೋಯಿತು. ಅದು ಹಾಕಿಕೊಟ್ಟ ಬೀದಿಗಳು ಮಾತ್ರ ಉಳಿದುವು. ಪಾರ್ಸಿ ಕಾಲೊನಿಯ ಫೈವ್ ಗಾರ್ಡನ್ಸ್ ಆ ಕಾಲದ್ದೇ. ಈಗ ಮಹೇಶ್ವರಿ ಉದ್ಯಾನವೆಂದು ಹೆಸರು ಬದಲಾಯಿಸಿಕೊಂಡಿದ್ದರೂ ಜನರ ಬಾಯಲ್ಲಿ ಕಿಂಗ್ಸ್ ಸರ್ಕಲ್ಲಾಗಿಯೇ ಉಳಿದಿರುವ ದುಂಡು ತೋಟವೂ ಹಳೆಯದೇ.

ಈ ಹೊಸ ಬಡಾವಣೆಗೆ ಬಂದು ನೆಲೆಸಿದವರಲ್ಲಿ ದಕ್ಷಿಣದ ಗುಮಾಸ್ತರು, ಟೈಪಿಸ್ಟರು, ಅಧ್ಯಾಪಕರು, ಹೋಟೆಲಿನವರು ಬಹಳ. ಅವರಿಗೆ ಸಿಕ್ಕಿದ್ದು ಊರಿನ ಮನೆಯೂ ಅಲ್ಲ, ಗಿರಣಗಾಂವದ ಚಾಳೂ ಅಲ್ಲ. ಅದು 'ಫ್ಲ್ಯಾಟ್' ಎಂಬ ಹೊಸ ವಸ್ತು. ಬಚ್ಚಲು, ಸಂಡಾಸು ಎರಡೂ ಮನೆಯ ಬಾಗಿಲ ಒಳಗೇ! ಊರಿನಲ್ಲಿ ಹಿತ್ತಿಲ ಆ ತುದಿಗಿದ್ದುದು ಇಲ್ಲಿ ಅಡಿಗೆಮನೆಯ ಮಗ್ಗುಲಿಗೇ ಬಂದುದನ್ನು ಕಂಡು ಮಡಿವಂತ ಅಜ್ಜಿಯಂದಿರು ಕಂಗಾಲಾದ ಕತೆಗಳನ್ನು ಹಳಬರು ಇಂದಿಗೂ ಹೇಳುತ್ತಾರೆ. ಈ ಬಗೆಯ ಬಾಳುವೆ ಇಲ್ಲಿ ಹೇಗೆ ಬೇರೂರಿತೆಂಬುದನ್ನು ನಿಖಿಲ್ ರಾವ್ ಎಂಬ ಇತಿಹಾಸಕಾರರು 2013ರಲ್ಲಿ ಒಂದು ಇಂಗ್ಲಿಷ್ ಗ್ರಂಥವಾಗಿಯೇ ಬರೆದಿದ್ದಾರೆ. 'ಮನೆಯುಂಟು, ತೋಟವಿಲ್ಲ' ಎಂಬ ಅರ್ಥದ ಅದರ ಹೆಸರು ನಮ್ಮ ಮಟ್ಟಿಗೆ ಬಹಳ ಸರಿ.

ನಮ್ಮವರಿಗೆ ಇದು ಪೂರ್ತಿ ಅಪರಿಚಿತವೆಂದೂ ಹೇಳಲಾಗದು. ಕರಾವಳಿಯವರಿಗೆ ತೋಟದ ನಡುವಿನ ಒಂಟಿ ಮನೆಯ ಅಭ್ಯಾಸವಿರಬಹುದು. ಆದರೆ ಮೈಸೂರು ಸೀಮೆಯ ಅಗ್ರಹಾರದಲ್ಲಿ, ವಠಾರದಲ್ಲಿ, ಧಾರವಾಡದ ಓಣಿಯಲ್ಲಿ, ಉಡುಪಿಯ ರಥಬೀದಿಯಲ್ಲಿ ಬೆಳೆದವರಿಗೆ ಗೋಡೆಗೆ ಗೋಡೆ ಸೇರಿದ ಮನೆ ಹೊಸತೇ? ಅಲ್ಲಿ ಮನೆಯ ಅಗಲ ಹತ್ತು ಹನ್ನೆರಡು ಅಡಿ ಇದ್ದರೂ ಯಾರಿಗೂ ಇಕ್ಕಟ್ಟೆನಿಸಲಿಲ್ಲ. ಏಕೆಂದರೆ ಮುಂದೆ ಜಗಲಿಯಿತ್ತು, ಜಗಲಿಯ ಮುಂದೆ ಬೀದಿಯಿತ್ತು, ಬೀದಿಯ ಕೊನೆಗೆ ಗುಡಿಯೋ ಕೆರೆಯೋ ಇತ್ತು. ಅವರು ಬಾಳಿದ್ದು ಅಷ್ಟರಲ್ಲೆಲ್ಲ. ಮನೆ ಎಂದರೆ ಮಲಗುವ, ಉಣ್ಣುವ, ಪೂಜೆ ಮಾಡುವ ಜಾಗ ಮಾತ್ರವಾಗಿತ್ತು.

ಹದಿನಾಲ್ಕು ತಿಂಗಳು

2018ರ ಜೂನಿನಲ್ಲಿ ನಮ್ಮ ಕಟ್ಟಡದ ತೊಲೆಗಳು ಸವೆದಿವೆಯೆಂದು ಎಂಜಿನಿಯರರು ಹೇಳಿದರು. ರಿಪೇರಿ ಮುಗಿಯುವತನಕ ಎಲ್ಲರೂ ಬೇರೆಡೆ ಬಿಡಾರ ಹೂಡಬೇಕಾಯಿತು. ಮಾಟುಂಗಾದ ಬಾಡಿಗೆ ನಮ್ಮ ಕೈಗೆಟುಕುವಂತಿರಲಿಲ್ಲ. ಹಾಗಾಗಿ ದೂರದ ಉಪನಗರವೊಂದರ ಇಪ್ಪತ್ತೆರಡಂತಸ್ತಿನ ಕಟ್ಟಡದಲ್ಲಿ, ಹನ್ನೊಂದನೆಯ ಮಾಳಿಗೆಯ ಮನೆ ಹಿಡಿದೆವು. ಮೂರು ಮಲಗುವ ಕೋಣೆ, ಎರಡು ಲಿಫ್ಟ್, ಕೆಳಗೆ ಈಜುಕೊಳ, ಬಾಗಿಲಲ್ಲಿ ಸೆಲ್ಯೂಟು ಹೊಡೆಯುವ ಕಾವಲುಗಾರ! ಮೊದಲ ವಾರವಿಡೀ ನಾವು ಕೋಣೆಯಿಂದ ಕೋಣೆಗೆ ಸುಮ್ಮನೆ ಓಡಾಡಿ ಸಂತೋಷಪಟ್ಟೆವು.

ಸತ್ಯವನ್ನು ಮರೆಮಾಚಬಾರದು. ಆ ಮನೆಯಲ್ಲಿ ಸುಖವಿತ್ತು. ಮಗಳಿಗೆ ಮೊದಲ ಬಾರಿಗೆ ಬಾಗಿಲು ಹಾಕಿಕೊಂಡು ಓದಲು ಒಂದು ಕೋಣೆ ಸಿಕ್ಕಿತು. ಅಮ್ಮನ ಮಂಡಿಗೆ ಮೆಟ್ಟಿಲ ಕಾಟ ತಪ್ಪಿತು. ಗಾಳಿಯಂತೂ ಧಾರಾಳ.

ಆದರೆ ಕಟ್ಟಡದ ಗೇಟಿನ ಹೊರಗೆ ಇದ್ದುದು ಬೀದಿಯಲ್ಲ, ಹೆದ್ದಾರಿ. ದಾಟಲು ಸೇತುವೆ ಒಂದು ಫರ್ಲಾಂಗು ದೂರ. ಕಾಲುದಾರಿ ಎಲ್ಲಿ ಶುರುವಾಗಿ ಎಲ್ಲಿ ಮಾಯವಾಗುವುದೋ ಬಲ್ಲವರಿಲ್ಲ. ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಮೊಬೈಲಿನಲ್ಲಿ ಬೆರಳೊತ್ತಬೇಕು. ಹುಡುಗನೊಬ್ಬ ಸ್ಕೂಟರಿನಲ್ಲಿ ತಂದು ಬಾಗಿಲಿಗೆ ತೂಗುಹಾಕಿ ಹೋಗುವನು. ಅನುಕೂಲವೇನೋ ಹೌದು, ಮುಖ ನೋಡಿದ್ದಿಲ್ಲ.

ಮಾಟುಂಗಾದಲ್ಲಿದ್ದಾಗ ಅಮ್ಮನ ದಿನಚರಿ ಹೀಗಿತ್ತು. ಬೆಳಿಗ್ಗೆ ಎಂಟಕ್ಕೆ ಕೈಚೀಲ ಹಿಡಿದು ಇಳಿದರೆ ಹೂವಿನವಳ ಬಳಿ ಐದು ನಿಮಿಷ, ಆಸ್ತಿಕ ಸಮಾಜದ ಗುಡಿಯಲ್ಲಿ ಹತ್ತು ನಿಮಿಷ, ಬಾಳೆಲೆ, ಕರಿಬೇವು, ಎಳೆ ಬದನೆ ಮಾರುವವರ ಜೊತೆ ಚೌಕಾಸಿಯಲ್ಲಿ ಕಾಲು ಗಂಟೆ. ಒಂಬತ್ತೂವರೆಗೆ ಊರಿನ ಸುದ್ದಿಯನ್ನೆಲ್ಲ ಹೊತ್ತುಕೊಂಡು ಮೆಟ್ಟಿಲೇರುವರು. ಹೊಸ ಮನೆಯಲ್ಲಿ ಅಮ್ಮ ಮೊದಮೊದಲು ಕಿಟಕಿಯಲ್ಲಿ ನಿಂತು ಕೆಳಗೆ ಹರಿಯುವ ಕಾರುಗಳನ್ನು ನೋಡುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಟೆಲಿವಿಷನ್ ಹಾಕಿಕೊಟ್ಟರೆ ನೋಡುವರು, ಆರಿಸಿದರೆ ಕೇಳರು.

ನಾಲ್ಕನೆಯ ತಿಂಗಳೋ ಐದನೆಯದೋ ಇರಬೇಕು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಅಮ್ಮ, "ಇವತ್ತು ಯಾವ ವಾರ?" ಎಂದು ಕೇಳಿದರು. ಹೇಳಿದೆವು. ಮರುದಿನವೂ ಕೇಳಿದರು. ಮೂರನೆಯ ದಿನವೂ ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಎಪ್ಪತ್ತೆರಡಕ್ಕೇ ಮರೆವು ಹತ್ತಿತೇ ಎಂಬ ಅಂಜಿಕೆ. ರಾತ್ರಿ ನಿದ್ದೆ ಬರಲಿಲ್ಲ. ಕಡೆಗೆ ಅವರನ್ನೇ ಮೆಲ್ಲಗೆ ಕೇಳಿದೆವು. ಅಮ್ಮ ನಕ್ಕುಬಿಟ್ಟರು.

"ಮರೆವು ಎಂತದ್ದೂ ಇಲ್ಲ ಮಾರಾಯ್ರೇ. ಅಲ್ಲಿ ಸೋಮವಾರ ಅಂದ್ರೆ ಬಿಲ್ವಪತ್ರೆ ಬರ್ತದೆ, ಮಂಗಳವಾರ ಕೆಂಪು ದಾಸವಾಳ, ಗರಿಕೆ. ಶನಿವಾರ ಹನುಮಂತನಿಗೆ ಎಕ್ಕದ ಮಾಲೆ, ಅಂಗಡಿಯವರಿಗೆ ಲಿಂಬೆ-ಮೆಣಸು. ಕೆಳಗೆ ಇಳಿದ್ರೆ ವಾರ ತಾನಾಗಿ ಗೊತ್ತಾಗ್ತದೆ. ಇಲ್ಲಿ ಏಳು ದಿನವೂ ಒಂದೇ. ಗೊತ್ತಾಗುವುದಾದ್ರೂ ಹೇಗೆ?"

ಆ ಮಾತು ನಮ್ಮಲ್ಲಿ ಚುಚ್ಚಿಕೊಂಡಿತು. ಚದರಡಿಯ ಲೆಕ್ಕದಲ್ಲಿ ನಾವು ದುಪ್ಪಟ್ಟು ಪಡೆದಿದ್ದೆವು. ಅಮ್ಮ ಮಾತ್ರ ಮಾಟುಂಗಾದಷ್ಟು ದೊಡ್ಡ ಮನೆಯಿಂದ ಒಂದು ಕೋಣೆಗೆ ಬಂದಿದ್ದರು.

2019ರ ಆಗಸ್ಟಿನಲ್ಲಿ ನಾವು ಮರಳಿ ಬಂದೆವು. ಲಾರಿಯಿಂದ ಸಾಮಾನು ಇಳಿಸುವುದರೊಳಗೆ ಅಮ್ಮ ನಾಪತ್ತೆ. ಹುಡುಕಿದರೆ ಹೂವಿನವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತು, ಹದಿನಾಲ್ಕು ತಿಂಗಳಲ್ಲಿ ಯಾರ ಮನೆಯಲ್ಲಿ ಏನಾಯಿತೆಂಬುದನ್ನು ಒಂದೊಂದಾಗಿ ವಿಚಾರಿಸುತ್ತಿದ್ದರು.

ಒಳಗಿನ ಜಾಗ

ಮರಳಿ ಬಂದ ಮೇಲೆ ಮನೆಯನ್ನು ನಾವು ಬೇರೆ ಕಣ್ಣಿನಿಂದ ನೋಡಿದೆವು. ದೊಡ್ಡ ಮನೆಯಲ್ಲಿ ಸೇರಿಕೊಂಡಿದ್ದ ಸಾಮಾನುಗಳು ಇಲ್ಲಿ ಹಿಡಿಸಲೊಲ್ಲವು. ಆಗ ಒಂದು ನಿಯಮ ಮಾಡಿಕೊಂಡೆವು: ಹತ್ತು ನಿಮಿಷದ ನಡಿಗೆಯಲ್ಲಿ ಸಿಗುವ ವಸ್ತುವನ್ನು ಮನೆಯಲ್ಲಿ ಕೂಡಿಡಬಾರದು. ಅಂಗಡಿಯೇ ನಮ್ಮ ಉಗ್ರಾಣವೆಂದ ಮೇಲೆ ಐವತ್ತು ಕಿಲೋ ಅಕ್ಕಿಯ ಡಬ್ಬಿ ಏಕೆ? ಅಕ್ಕಿ ಐದು ಕಿಲೋ, ಬೇಳೆ ಒಂದು ಕಿಲೋ, ತರಕಾರಿ ಅಂದಂದಿನದು ಅಂದಂದಿಗೆ. ಹುರಿದು ಪುಡಿಮಾಡಿದ ಕಾಫಿ ವಾರಕ್ಕೆ ಕಾಲು ಕಿಲೋ ಮಾತ್ರ. ಪರಿಮಳವೂ ಉಳಿಯಿತು, ಕಪಾಟೂ ಬರಿದಾಯಿತು. ದೊಡ್ಡ ಫ್ರಿಜ್ಜನ್ನು ಕೊಟ್ಟು ಚಿಕ್ಕದನ್ನು ತಂದೆವು.

ಎರಡನೆಯದು, ನೆಲ ಕಡಮೆಯಿದ್ದಲ್ಲಿ ಗೋಡೆಯನ್ನು ದುಡಿಸಬೇಕು. ಹಳೆಯ ಕಟ್ಟಡಗಳ ಒಂದು ಭಾಗ್ಯವೆಂದರೆ ಮಾಳಿಗೆಯ ಎತ್ತರ. ಬಚ್ಚಲ ಮೇಲಿನ ಅಟ್ಟದಲ್ಲಿ ವರ್ಷಕ್ಕೊಮ್ಮೆ ಬೇಕಾಗುವ ಗೌರಿ-ಗಣೇಶನ ಮಂಟಪ, ದೀಪಾವಳಿಯ ಗೂಡುದೀಪ, ಊರಿನಿಂದ ಬಂದ ಕಂಚಿನ ಪಾತ್ರೆಗಳು ಇವೆ. ಮಂಚದ ಕೆಳಗೆ ಗಾಲಿಯಿರುವ ಪೆಟ್ಟಿಗೆಗಳಲ್ಲಿ ಹಾಸಿಗೆ ಹೊದಿಕೆಗಳು. ಊಟದ ಮೇಜು ಗೋಡೆಗೆ ಮಡಚಿಕೊಳ್ಳುವಂಥದು. ಹಗಲು ಮಗಳ ಕೆಲಸಕ್ಕೂ ಅದೇ.

ಮೂರನೆಯದು, ಬಾಲ್ಕನಿಯನ್ನು ಮುಚ್ಚಬಾರದು. ಗಾಜು ಹಾಕಿಸಿ ಕೋಣೆ ಮಾಡಿಕೊಂಡ ನೆಂಟರು ನಮಗೂ ಹಾಗೆಯೇ ಮಾಡೆಂದರು. ನಮ್ಮ ಜಗಲಿ ಅದೊಂದೇ. ಅಲ್ಲಿ ಒಂದು ತುಳಸಿ, ಒಂದು ಕರಿಬೇವು, ಒಂದು ಕುರ್ಚಿ ಇವೆ. ಕೆಳಗಿನಿಂದ ಯಾರಾದರೂ ತಲೆಯೆತ್ತಿ "ಊಟ ಆಯಿತೇ?" ಎಂದು ಕೇಳಬಹುದಾದ ಮನೆ ಮಹಾನಗರದಲ್ಲಿ ಎಷ್ಟು ಜನಕ್ಕಿದೆ?

ಗೋಡೆಯ ಆಚೆಯವರು

ಗೋಡೆ ಒಂದೇ ಆದಾಗ ನಮ್ಮ ಬಾಳು ಪೂರ್ತಿ ನಮ್ಮದಲ್ಲ. ಬೆಳಿಗ್ಗೆ ಐದಕ್ಕೆ ನಾವು ಗ್ರೈಂಡರ್ ಹಾಕಿದರೆ ಆಚೆಯ ಮಗು ಏಳುವುದು. ರಾತ್ರಿ ಹನ್ನೊಂದಕ್ಕೆ ಅವರು ಮೊಳೆ ಹೊಡೆದರೆ ನಮ್ಮ ಅಮ್ಮ ಏಳುವರು. ಇದಕ್ಕೆ ಕಾನೂನಿಗಿಂತ ಮಾತುಕತೆ ಮೇಲು. ಎಡಮನೆಯವರೂ ಬಲಮನೆಯವರೂ ನಾವೂ ಕೂಡಿ ಒಂದು ಹೊತ್ತು ಗೊತ್ತುಮಾಡಿಕೊಂಡಿದ್ದೇವೆ: ಏಳಕ್ಕಿಂತ ಮುಂಚೆ ಮಿಕ್ಸಿಯಿಲ್ಲ, ಹತ್ತರ ಮೇಲೆ ಸುತ್ತಿಗೆಯಿಲ್ಲ, ಬಾಲ್ಕನಿಯಲ್ಲಿ ನೀರು ಹಿಂಡದ ಬಟ್ಟೆ ಹರವುವುದಿಲ್ಲ. ನೆಲದ ಮೇಲೆ ಎಳೆಯುವ ಕುರ್ಚಿಗಳ ಕಾಲಿಗೆ ಬಟ್ಟೆ ಸುತ್ತಿದರೆ ಕೆಳಮನೆಯವರು ಹರಸುತ್ತಾರೆ. ಮನೆಯಲ್ಲಿ ಹೋಮ ಹವನವೋ ಹುಟ್ಟುಹಬ್ಬವೋ ಇದ್ದರೆ ಹಿಂದಿನ ದಿನವೇ ಹೇಳಿ, ಮಾರನೆಯ ದಿನ ಒಂದು ತಟ್ಟೆ ಸಿಹಿ ಕಳಿಸಿದರೆ ಸದ್ದೂ ಸಹ್ಯವಾಗುತ್ತದೆ.

ಇಂಥ ನೆರೆಯ ಬೆಲೆ 2020ರ ಕೊರೊನಾ ಕಾಲದಲ್ಲಿ ನಮಗೆ ತಿಳಿಯಿತು. ಆಗ ಒಂದೇ ಮೆಟ್ಟಿಲನ್ನು ಹನ್ನೆರಡು ಸಂಸಾರ ಬಳಸುವುದೇ ಒಂದು ಭಯವಾಗಿತ್ತು. ಕಟಕಟೆ ಮುಟ್ಟಲೂ ಅಂಜಿದೆವು. ನಮ್ಮಿಬ್ಬರಿಗೂ ಜ್ವರ ಬಂದು ಬಾಗಿಲು ಹಾಕಿಕೊಂಡಾಗ ಹದಿನೇಳು ದಿನ ಬಲಮನೆಯ ಮಾಮಿ ಅಮ್ಮನಿಗೂ ಮಗಳಿಗೂ ಸೇರಿಸಿ ನಮ್ಮೆಲ್ಲರಿಗೂ ಅಡಿಗೆ ಮಾಡಿ ಬಾಗಿಲ ಮುಂದಿನ ಸ್ಟೂಲಿನ ಮೇಲೆ ಇಟ್ಟು ಹೋದರು. ಎಡಮನೆಯವರು ದಿನಕ್ಕೆರಡು ಸಲ ಗೋಡೆ ತಟ್ಟುತ್ತಿದ್ದರು. ನಾವು ತಿರುಗಿ ತಟ್ಟಿದರೆ ಕ್ಷೇಮವೆಂದು ಅರ್ಥ. ಸದ್ದು ದಾಟುವ ಗೋಡೆಯೆಂದು ಎಷ್ಟೋ ವರ್ಷ ಗೊಣಗಿದ್ದೆವು. ಆ ದಿನಗಳಲ್ಲಿ ಅದೇ ಗೋಡೆಗೆ ಕಿವಿಯಿಟ್ಟು ಕಾದೆವು.

ಬೀದಿಯನ್ನು ಬಳಸುವ ಬಗೆ

ನಡೆದು ಹೋಗುವಷ್ಟು ಹತ್ತಿರದಲ್ಲಿ ಏನೇನಿದೆಯೆಂದು ಒಂದು ದಿನ ನಾವು ಪಟ್ಟಿ ಮಾಡಿ ನೋಡಿದೆವು. ಓದುಗರೂ ತಮ್ಮ ಬೀದಿಗೆ ಹೀಗೊಂದು ಪಟ್ಟಿ ಮಾಡಿ ನೋಡಬೇಕು, ಆಶ್ಚರ್ಯ ಕಾದಿರುತ್ತದೆ.

ನೆಂಟರು ಆರು ಜನ ಒಟ್ಟಿಗೆ ಬಂದರೆ ನಮ್ಮ ಅಡಿಗೆಮನೆ ಸಾಲದು. ಸ್ಟೇಷನ್ನಿನ ಎದುರಿಗೆ, ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿದೆ. ಬಾಳೆಲೆಯ ಊಟ ಹಾಕಿಸಿ ಕರೆತಂದರೆ ಅತಿಥಿಗೂ ತೃಪ್ತಿ, ಗೃಹಿಣಿಗೂ ವಿರಾಮ. ಅದು ನಮ್ಮ ಊಟದ ಕೋಣೆ. ಮಗಳ ಹುಟ್ಟುಹಬ್ಬಗಳೆಲ್ಲ ನಡೆದುದು ಫೈವ್ ಗಾರ್ಡನ್ಸಿನ ಮರದಡಿಯಲ್ಲಿ. ಅದು ನಮ್ಮ ಅಂಗಳ. ಭಾವುದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ. 1926ರಲ್ಲಿ ಹುಟ್ಟಿದ ಸಂಸ್ಥೆ. ಕನ್ನಡದ ನಾಟಕ, ಉಪನ್ಯಾಸ, ಸಂಗೀತವೆಂದರೆ ಊಟ ಮುಗಿಸಿ ಚಪ್ಪಲಿ ಮೆಟ್ಟಿ ಹೊರಟರಾಯಿತು. ರೈಲ್ವೆ ಹಳಿಗಳ ಆಚೆ, 1933ರಲ್ಲಿ ಸ್ಥಾಪನೆಯಾದ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ಮಧ್ಯ ರೈಲ್ವೆಯ ಮಾಟುಂಗಾಕ್ಕೂ ಪಶ್ಚಿಮ ರೈಲ್ವೆಯ ಮಾಟುಂಗಾ ರೋಡಿಗೂ ನಡುವೆ ಝಡ್ ಅಕ್ಷರದಂತೆ ತಿರುಗಿ ಹೋಗುವ ಕಾಲ್ಸೇತುವೆಯೊಂದಿದೆ. ಅದರ ಹೆಸರೇ ಝಡ್ ಬ್ರಿಜ್. ಕನ್ನಡದ ಎರಡು ಮನೆಗಳನ್ನು ಹೊಲಿದು ಕೂಡಿಸಿದ ದಾರದಂತೆ ನಮಗೆ ಅದು ಕಾಣುತ್ತದೆ.

ಮಕ್ಕಳ ಮಾತು ಇನ್ನೂ ಮುಖ್ಯ. ನಮ್ಮ ಮಗಳು ಎಂಟನೆಯ ವಯಸ್ಸಿನಲ್ಲಿ ಒಬ್ಬಳೇ ಹಾಲು ತಂದಳು, ಹತ್ತರಲ್ಲಿ ಒಬ್ಬಳೇ ಸಂಗೀತಪಾಠಕ್ಕೆ ಹೋದಳು. ಆ ದಾರಿಯಲ್ಲಿ ಹೂವಿನವಳು, ಇಸ್ತ್ರಿಯವನು, ಔಷಧದಂಗಡಿಯವರು ಒಬ್ಬರ ಕಣ್ಣಿಂದ ಒಬ್ಬರ ಕಣ್ಣಿಗೆ ಅವಳನ್ನು ದಾಟಿಸುತ್ತಿದ್ದರು. ಪಾಠಕ್ಕೆ ಚಕ್ಕರ್ ಹೊಡೆದ ದಿನ ಅವಳಿಗಿಂತ ಮುಂಚೆ ಸುದ್ದಿ ಮನೆ ಮುಟ್ಟುತ್ತಿತ್ತು ಎಂಬುದು ಅವಳ ದೂರು! ಈಗ ರಾತ್ರಿ ಕೆಲಸದಿಂದ ತಡವಾಗಿ ಬರುತ್ತಾಳೆ. 2017ರಲ್ಲಿ ನಮ್ಮ ಮಾಟುಂಗಾ ಸ್ಟೇಷನ್ನಿನ ಆಡಳಿತವನ್ನೆಲ್ಲ ಮಹಿಳೆಯರ ಕೈಗೇ ಒಪ್ಪಿಸಿದ ದಿನ ಅವಳ ಸಂಭ್ರಮ ನೋಡಬೇಕಾಗಿತ್ತು. ಸ್ಟೇಷನ್ನಿನಿಂದ ಮನೆಗೆ ನಡೆಯುವ ದಾರಿಯಲ್ಲಿ ಹನ್ನೊಂದರವರೆಗೂ ಯಾವುದಾದರೊಂದು ಅಂಗಡಿಯ ದೀಪ ಇದ್ದೇ ಇರುತ್ತದೆ.

ಆರೋಗ್ಯದ ಲೆಕ್ಕವನ್ನೂ ಹೇಳಿಬಿಡೋಣ. ಪ್ರಾಯದವರು ವಾರಕ್ಕೆ ಕಡಮೆಯೆಂದರೆ 150 ನಿಮಿಷ ಬಿರುಸಾಗಿ ನಡೆಯುವಂಥ ದೇಹಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಾಗಿ ಹಣ ತೆತ್ತು ಜಿಮ್ಮಿಗೆ ಹೋಗಿ, ನಿಂತಲ್ಲೇ ನಡೆಯುವ ಯಂತ್ರದ ಮೇಲೆ ನಡೆಯುವವರಿದ್ದಾರೆ. ನಮಗೆ ಸೊಪ್ಪು, ಗುಡಿ, ಸ್ಟೇಷನ್ನು ಇಷ್ಟರಲ್ಲಿಯೇ ವಾರದ ಪಾಲು ಮುಗಿಯುತ್ತದೆ.

ಬೀದಿಯ ಋಣ

ನಡೆಯಬಹುದಾದ ಬೀದಿ ತನ್ನಷ್ಟಕ್ಕೆ ಉಳಿಯುವುದಿಲ್ಲ. ನಮ್ಮಲ್ಲಿ ತುಳಪುಳೆ ಮೇಲ್ಸೇತುವೆಯ ಕೆಳಗಿನ ಜಾಗ ಒಂದು ಕಾಲಕ್ಕೆ ಗಾಡಿ ನಿಲ್ಲಿಸುವವರ, ಅಮಲಿನವರ ಠಾಣ್ಯವಾಗಿತ್ತು. ಸಂಜೆಯ ಮೇಲೆ ಹೆಂಗಸರು ಅತ್ತ ಸುಳಿಯುತ್ತಿರಲಿಲ್ಲ. ಸುತ್ತಲಿನ ನಿವಾಸಿಗಳು ಸುಮ್ಮನಿರಲಿಲ್ಲ. ಅರ್ಜಿ ಬರೆದರು, ನಗರಸಭೆಯ ಬಾಗಿಲು ತಟ್ಟಿದರು, ವರ್ಷಗಟ್ಟಲೆ ಬೆನ್ನುಹತ್ತಿದರು. 2016ರಲ್ಲಿ ಅಲ್ಲಿ ನಾನಾಲಾಲ್ ಡಿ. ಮೆಹತಾ ಉದ್ಯಾನ ತೆರೆಯಿತು. ಸೇತುವೆಯ ಕಂಬಗಳ ನಡುವೆ ನರ್ಮದಾ ನದಿಯ ತಿರುವುಗಳಂತೆ ಹರಿಯುವ ಸುಮಾರು 600 ಮೀಟರು ನಡೆದಾರಿ. ಮಳೆಗಾಲದಲ್ಲಿಯೂ ನೆನೆಯದೆ ನಡೆಯಬಹುದಾದುದರಿಂದ ಹಿರಿಯರಿಗೆ ಅದು ದೊಡ್ಡ ಉಪಕಾರವಾಯಿತು.

ಅಷ್ಟು ದೊಡ್ಡ ಕೆಲಸ ಎಲ್ಲರ ಕೈಲಾಗದಿರಬಹುದು. ಕಾಲುದಾರಿಯ ಮೇಲೆ ನಮ್ಮ ಸ್ಕೂಟರು ನಿಲ್ಲಿಸದಿರುವುದು ಆಗದೇ? ಹತ್ತು ರೂಪಾಯಿ ಅಗ್ಗವೆಂದು ದೂರದಿಂದ ತರಿಸದೆ ಬೀದಿಯ ವಾಣಿಯ ಬಳಿಯೇ ಕೊಳ್ಳುವುದು ಆಗದೇ? ನಾವು ಕೊಳ್ಳದಿದ್ದರೆ ಅಂಗಡಿ ಮುಚ್ಚುತ್ತದೆ. ಅಂಗಡಿ ಮುಚ್ಚಿದರೆ ದೀಪ ಆರುತ್ತದೆ. ದೀಪ ಆರಿದ ಬೀದಿಯಲ್ಲಿ ನಮ್ಮ ಮಗಳು ರಾತ್ರಿ ಹನ್ನೊಂದಕ್ಕೆ ಹೇಗೆ ನಡೆದು ಬಂದಾಳು?

ಈಗಿನ ಪ್ರಶ್ನೆ

ಈಗ ಬಿಲ್ಡರೊಬ್ಬರು ನಮ್ಮ ಕಟ್ಟಡವನ್ನು ಕೆಡವಿ ಹದಿನೆಂಟಂತಸ್ತು ಕಟ್ಟುವೆನೆಂದು ಮುಂದೆ ಬಂದಿದ್ದಾರೆ. ನಮಗೆ 480ರ ಬದಲು 650 ಚದರಡಿ, ಲಿಫ್ಟು, ಕಾರು ನಿಲ್ಲಿಸುವ ಜಾಗ. ರಿಪೇರಿಯಾದರೂ ನಮ್ಮ ಕಟ್ಟಡ ಮತ್ತೆ ಸವೆಯುತ್ತಿದೆ ಎಂಬುದು ಸುಳ್ಳಲ್ಲ. ಕಳೆದ ಮಳೆಗಾಲದಲ್ಲಿ ಮೆಟ್ಟಿಲ ಮೇಲಿನ ಗಾರೆ ಒಂದು ಹಿಡಿ ಉದುರಿತು. ಮೂರನೆಯ ಮಾಳಿಗೆಯ ಅಜ್ಜ ಎರಡು ವರ್ಷದಿಂದ ಬೀದಿಗಿಳಿದಿಲ್ಲ. ಅವರ ಪಾಲಿಗೆ ಈ ಬೀದಿ ಇದ್ದೂ ಇಲ್ಲ. ಹೊಸದಾಗಿ ಮದುವೆಯಾದ ಗಂಡಹೆಂಡಿರು ಒಂದೇ ಕೋಣೆಯಲ್ಲಿ ಅತ್ತೆ ಮಾವಂದಿರ ಜೊತೆಗಿದ್ದಾರೆ. ಹಳೆಯದೆಲ್ಲ ಒಳ್ಳೆಯದು, ಕೆಡವಬೇಡಿ ಎಂದು ನಾವು ಅವರ ಮುಂದೆ ಹೇಳಲಾರೆವು.

ಹೋದ ತಿಂಗಳು ಸಭೆ ಸೇರಿತು. ಕಾರ್ಪೆಟ್ ಏರಿಯಾ ಎಷ್ಟು, ಬಾಡಿಗೆ ಎಷ್ಟು ಕೊಡುವಿರಿ, ತಿಂಗಳ ನಿರ್ವಹಣೆಯ ಖರ್ಚೆಷ್ಟು, ಬ್ಯಾಂಕ್ ಗ್ಯಾರಂಟಿ ಎಲ್ಲಿ ಎಂದೆಲ್ಲ ಕೇಳಿದೆವು. ಕೇಳಲೇಬೇಕು. ಇಂಥ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಪ್ರತಿಯೊಂದು ಮಾತನ್ನೂ ಸ್ವಂತ ವಕೀಲರಿಂದ ಓದಿಸಬೇಕೆಂದು ಓದುಗರಿಗೂ ಹೇಳುತ್ತೇವೆ. ಕಡೆಗೆ, ಮೂಲೆಯಲ್ಲಿ ಕುಳಿತಿದ್ದ ಅಮ್ಮ ಕೈಯೆತ್ತಿದರು. ಈಗ ಅವರಿಗೆ ಎಂಬತ್ತು ಹತ್ತಿರವಾಯಿತು.

"ಹೊಸ ಕಟ್ಟಡದಲ್ಲಿ ಕೆಳಗೆ, ಬೀದಿ ಬದಿಗೆ, ಕೂತ್ಕೊಳ್ಳಿಕ್ಕೆ ಜಾಗ ಉಂಟಾ?"

ಮಗಳು ಅದನ್ನು ಹಿಂದಿಯಲ್ಲಿ ಹೇಳಿದಳು. ಬಿಲ್ಡರ ಕಡೆಯ ತರುಣ ನಕ್ಷೆಯನ್ನು ಬಿಡಿಸಿ ನೋಡಿದ. ನೆಲದಿಂದ ಐದನೆಯ ಅಂತಸ್ತಿನವರೆಗೆ ಕಾರುಗಳು. ಬೀದಿಯ ಬದಿಗೆ ಉದ್ದಕ್ಕೂ ಗೋಡೆ, ಗಾಡಿ ಒಳಗೆ ಹೋಗಲು ಒಂದು ಗೇಟು, ಹೊರಗೆ ಬರಲು ಒಂದು ಗೇಟು. ಅವನು ನಕ್ಷೆಯನ್ನು ಎರಡು ಸಲ ತಿರುಗಿಸಿದ. "ಟೆರೇಸಿನಲ್ಲಿ ಗಾರ್ಡನ್ ಇದೆ, ಆಂಟಿ" ಎಂದ.

"ಟೆರೇಸಿನಲ್ಲಿ ಹೂವಿನವಳು ಬರ್ತಾಳಾ?" ಎಂದರು ಅಮ್ಮ.

ಎಲ್ಲರೂ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಮೂರನೆಯ ಮಾಳಿಗೆಯ ಅಜ್ಜನ ಮಗನೇ ಎದ್ದು, "ಅವರು ಕೇಳಿದ್ದು ಸರಿಯಾಗಿದೆ. ಅಪ್ಪನನ್ನು ಲಿಫ್ಟಿನಲ್ಲಿ ಇಳಿಸಿದ ಮೇಲೆ ಕೂರಿಸುವುದು ಎಲ್ಲಿ?" ಎಂದರು.

ಆ ಸಂಜೆ ನಮ್ಮ ಸೊಸೈಟಿ ನಾಲ್ಕು ಷರತ್ತುಗಳನ್ನು ಬರೆಯಿತು. ಬೀದಿಯ ಬದಿಗೆ ನೆರಳಿರುವ ಕಟ್ಟೆಯೊಂದು ಬೇಕು. ನಡೆದು ಬರುವವರಿಗೆ ಗಾಡಿಗಳ ಗೇಟಿನಿಂದ ಪ್ರತ್ಯೇಕವಾದ ಬಾಗಿಲು ಬೇಕು. ಮುಂದಿನ ಎರಡು ಮರಗಳನ್ನು ಕಡಿಯಕೂಡದು. ಕಟ್ಟಡ ಏಳುವತನಕ ಹಿರಿಯರಿರುವ ಸಂಸಾರಗಳಿಗೆ ಮಾಟುಂಗಾ, ದಾದರ್, ವಡಾಲಾಗಳಲ್ಲಿಯೇ ಮನೆ ಸಿಗುವಷ್ಟು ಬಾಡಿಗೆ ಕೊಡಬೇಕು. ಕೊನೆಯದಕ್ಕೆ ಬಿಲ್ಡರು ಇನ್ನೂ ಒಪ್ಪಿಲ್ಲ. ಅದಕ್ಕೆ ಒಪ್ಪದಿದ್ದರೆ ಸಹಿ ಹಾಕುವುದಿಲ್ಲವೆಂದು ನಾವು ಮನೆಯಲ್ಲಿ ನಿಶ್ಚಯಿಸಿದ್ದೇವೆ. ಹನ್ನೆರಡು ಸಂಸಾರಗಳಲ್ಲಿ ಏಳು ನಮ್ಮ ಜೊತೆಗಿವೆ. ಮುಂದಿನ ಸಭೆ ದೀಪಾವಳಿಯ ಮೇಲೆ. ಏನಾಯಿತೆಂಬುದನ್ನು ಮುಂದೊಂದು ಸಂಚಿಕೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಮನೆ ಕೊಳ್ಳಲು, ಬದಲಾಯಿಸಲು ಯೋಚಿಸುತ್ತಿರುವ ಕಿರಿಯ ಬಂಧುಗಳಿಗೆ ನಮ್ಮದೊಂದು ಬಿನ್ನಹ. ಚದರಡಿಯನ್ನು ಅಳೆಯಿರಿ, ಬೇಡವೆನ್ನುವುದಿಲ್ಲ. ಹಾಗೆಯೇ ಒಂದು ದಿನ ಬೆಳಿಗ್ಗೆ ಎಂಟಕ್ಕೂ ಒಂದು ದಿನ ರಾತ್ರಿ ಹತ್ತಕ್ಕೂ ಆ ಮನೆಯ ಬಾಗಿಲಿಂದ ಹೊರಟು ಕಾಲು ಗಂಟೆ ನಡೆದು ನೋಡಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿರಿ. ಎಷ್ಟು ಜನ ನಿಮ್ಮ ಮುಖ ನೋಡಿದರು, ಎಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು, ಒಂದು ಮಗುವನ್ನು ಆ ದಾರಿಯಲ್ಲಿ ಒಬ್ಬಂಟಿಯಾಗಿ ಕಳಿಸಬಹುದೇ ಎಂದು ಎಣಿಸಿ ನೋಡಿರಿ. ಆಮೇಲೆ ಬೆಲೆಯ ಮಾತು.

ಇದನ್ನು ಬರೆಯುತ್ತಿರುವಾಗ ಅಮ್ಮ ಕೆಳಗಿನಿಂದ ಬಂದರು. ಕೈಚೀಲದಲ್ಲಿ ಕೆಂಪು ದಾಸವಾಳ, ಒಂದು ಹಿಡಿ ಗರಿಕೆ. ವಾರ ಯಾವುದೆಂದು ನಾವು ಅವರನ್ನು ಕೇಳಲಿಲ್ಲ.